ರಕ್ತದ ತಿಳಿ

ಬಸ್ಸು ಜಾವಗಲ್ಲಿನಲ್ಲಿ ನಿಂತಾಗ ಶ್ಯಾಮಲಾಳಿಗೆ ಇಳಿದುಬಿಡೋಣ ಎನ್ನಿಸಿತು. ಇಲ್ಲಿಳಿದು ಎದುರಿನಿಂದ ಬರುವ ಬಸ್ಸು ಹತ್ತಿದರೆ ಹತ್ತೂವರೆಯ ಹೊತ್ತಿಗೆ ಅರಸೀಕೆರೆ. ತಲೆನೋವು ಕಡಿಮೆಯಾಯಿತು ಎಂದು ಹೇಳಿ ಸ್ಟೇಷನ್ ರಸ್ತೆಯ ಲ್ಯಾಬಿನೊಳಗೆ ತನ್ನ ಸ್ಟೂಲಿನ ಮೇಲೆ ಕೂತುಬಿಟ್ಟರೆ ಎಲ್ಲವೂ ಹನ್ನೊಂದು ವರ್ಷದಿಂದ ಇದ್ದಂತೆಯೇ ಇರುತ್ತದೆ. ತಲೆನೋವೆಂದು ಸುಳ್ಳು ಹೇಳಿ ರಜೆ ಕೇಳಿದ್ದಳು. ಹೇಳುತ್ತಿದ್ದ ಹಾಗೆಯೇ ತಲೆ ನಿಜವಾಗಿ ನೋಯತೊಡಗಿತ್ತು. ಬಸ್ಸಿನ ಟಾಪಿಗೆ ತೆಂಗಿನಕಾಯಿ ಮೂಟೆಗಳನ್ನು ಏರಿಸುತ್ತಿದ್ದರು. ಒಂದೊಂದು ಮೂಟೆಯೂ ನೆತ್ತಿಯ ಮೇಲೇ ಬಿದ್ದಂತೆ ಸದ್ದಾಗುತ್ತಿತ್ತು. ಕಂಡಕ್ಟರು ‘ಯಾರ್ರೀ ಇಳಿಯೋರು’ ಎಂದು ಕೂಗಿದಾಗ ಅವಳು ಅರ್ಧ ಎದ್ದಳು. ಪಕ್ಕದ ಹೆಂಗಸು ದಾರಿ ಬಿಡಲು ಕಾಲು ಮಡಚಿಕೊಂಡಳು. ಶ್ಯಾಮಲಾ ಮತ್ತೆ ಕೂತಳು. ಆ ಹೆಂಗಸು ಅವಳನ್ನು ಒಂದು ಥರ ನೋಡಿದಳು. ಬಸ್ಸು ಹಳೇಬೀಡಿನ ಕಡೆಗೆ ಹೊರಟಿತು.

ಹದಿನೆಂಟು. ಆ ಸಂಖ್ಯೆಯನ್ನು ಬರೆದದ್ದು ತಾನೇ. ಹತ್ತು ಎಂದು ಬರೆದರೆ ಸುಳ್ಳಿನಂತೆ ಕಾಣುತ್ತದೆ, ಇಪ್ಪತ್ತೈದು ಎಂದರೆ ಡಾಕ್ಟರು ಯಾಕೆ ಎಂದು ಕೇಳುತ್ತಾರೆ, ಹದಿನೆಂಟು ನಂಬುವಂತಿದೆ ಎಂದು ಪೆನ್ನು ಹಿಡಿದ ಬೆರಳೇ ಲೆಕ್ಕ ಹಾಕಿತ್ತು. ಶನಿವಾರ ಒಬ್ಬಳು ಅಜ್ಜಿ ನಾಲ್ಕು ವರ್ಷದ ಹೆಣ್ಣುಮಗುವನ್ನು ಸೊಂಟದ ಮೇಲೆ ಹೊತ್ತು ತಂದಿದ್ದಳು. ನಾಲ್ಕು ದಿನದ ಜ್ವರ. ಮಕ್ಕಳ ಡಾಕ್ಟರ್ ಉಮೇಶ್ ಚೀಟಿಯಲ್ಲಿ ಇಎಸ್ಆರ್ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ರಕ್ತವನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಎಷ್ಟು ಮಿಲಿಮೀಟರು ಕೆಳಗಿಳಿಯಿತು ಎಂದು ನೋಡುವ ಪರೀಕ್ಷೆ ಅದು; ಹೆಚ್ಚು ಇಳಿದಷ್ಟೂ ಮೈಯೊಳಗೆ ಉರಿ ಹೆಚ್ಚು. ಅವಳು ದಿನಕ್ಕೆ ಹತ್ತು ಸಲ ಮಾಡುವಂಥದ್ದು. ಮಗುವಿನ ನರ ಸಿಗಲು ಎರಡು ಸಲ ಚುಚ್ಚಬೇಕಾಯಿತು. ಮೊದಲನೆಯದಕ್ಕೆ ಕಿರುಚಿದ ಮಗು ಎರಡನೆಯದಕ್ಕೆ ಕಿರುಚದೆ ಅವಳ ಮುಖವನ್ನೇ ನೋಡಿತು. ಕಣ್ಣು ಕೆಂಡದಂತೆ ಕೆಂಪಗಿತ್ತು, ಗೀಜು ಮಾತ್ರ ಇರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಅವಳು ಸ್ಟ್ಯಾಂಡಿನ ಹತ್ತಿರ ಬಂದಾಗ ಕೊಳವೆ ಅರ್ಧ ಖಾಲಿಯಾಗಿತ್ತು. ಬುಡದ ರಬ್ಬರು ಒಣಗಿ ಬಿರುಕುಬಿಟ್ಟು, ರಕ್ತ ಟ್ರೇಯೊಳಗೆ ಸೋರಿ ಹೆಪ್ಪುಗಟ್ಟಿತ್ತು. ಹೊರಗಿನ ಬೆಂಚಿನ ಮೇಲೆ ಅಜ್ಜಿ ಇನ್ನೂ ಕೂತಿದ್ದಳು. ಕರೆದು, ಇನ್ನೊಂದು ಸಲ ಚುಚ್ಚಬೇಕು ಎಂದರೆ ಆಗುತ್ತಿತ್ತು.

ಆದರೆ ಹಿಂದಿನ ದಿನ ಲ್ಯಾಬಿನ ಮಾಲೀಕ ಹನುಮಂತಯ್ಯ ಬೆಂಚಿನ ತುಂಬ ಜನ ಕೂತಿರುವಾಗಲೇ ಕೂಗಾಡಿದ್ದ. ಒಬ್ಬ ಮೇಷ್ಟ್ರನ್ನು ಎರಡನೇ ಸಲ ರಕ್ತಕ್ಕೆ ಕರೆದದ್ದೇ ಅಪರಾಧವಾಗಿತ್ತು. ‘ಒಂದೇ ಸಲಕ್ಕೆ ರಕ್ತ ತೆಗೆಯೋಕೆ ಬರಲ್ವೇನಮ್ಮಾ ನಿಂಗೆ? ಜನ ಏನು ಹಸುಗಳಾ, ಬೆಳಿಗ್ಗೆ ಸಂಜೆ ಕರೆಯೋಕೆ?’ ಬೆಂಚಿನ ಮೇಲಿದ್ದವರು ನಕ್ಕರು. ಮೇಷ್ಟ್ರು ಕೂಡ ತೋಳು ಮಡಿಸಿಕೊಂಡೇ ನಕ್ಕರು. ಅವಳೂ ನಕ್ಕಳು, ಅದೇ ಹೆಚ್ಚು ನೋಯುತ್ತಿತ್ತು. ಪಿಯುಸಿಯಲ್ಲಿ ಹೀಗೇ, ಪಕ್ಕದವಳ ರೆಕಾರ್ಡಿನಿಂದ ರೀಡಿಂಗ್ ನಕಲು ಮಾಡಿ ಕೊಟ್ಟಾಗ ಲೆಕ್ಚರರು ‘ಗುಡ್’ ಎಂದು ಬರೆದು ಸಹಿ ಹಾಕಿದ್ದರು. ಪಕ್ಕದವಳಿಗೆ ಸಹಿ ಮಾತ್ರ. ತಪ್ಪು ಅಂಕಿಗೆ ಯಾರೂ ಬೈಯುವುದಿಲ್ಲ, ಇಲ್ಲದ ಅಂಕಿಗೆ ಬೈಯುತ್ತಾರೆ ಎಂಬುದನ್ನು ಅವಳು ಅಂದೇ ಕಲಿತಿದ್ದಳು. ಟ್ರೇಯನ್ನು ನಲ್ಲಿಯ ಕೆಳಗೆ ತೊಳೆದು, ಹದಿನೆಂಟು ಎಂದು ಬರೆದು, ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟಳು. ‘ಏನೂ ಇಲ್ವಾ ತಾಯಿ?’ ಎಂದು ಅಜ್ಜಿ ಕೇಳಿದ್ದಕ್ಕೆ ‘ಏನೂ ಇಲ್ಲ’ ಎಂದಳು.

ಮರೆತೇಹೋಗುತ್ತಿತ್ತೇನೋ. ಮಂಗಳವಾರ ಸಂಜೆ ಉಮೇಶ್ ಯಾವುದೋ ರಿಪೋರ್ಟಿಗೆಂದು ಬಂದವರು, ತಾವೇ ತಮ್ಮೊಡನೆ ಮಾತಾಡಿಕೊಂಡಂತೆ ಹೇಳಿದರು: ‘ಆ ಬಸ್ತಿಹಳ್ಳಿ ಮಗು ಮತ್ತೆ ಬರಲೇ ಇಲ್ಲ, ವಾಸಿಯಾಯ್ತು ಅಂತ ಕಾಣುತ್ತೆ. ನಾನು ಬೇರೆ ಏನೋ ಅಂದ್ಕೊಂಡು ಹೆದರಿದ್ದೆ. ಅದಾಗಿದ್ರೆ ಇಎಸ್ಆರ್ ಎಲ್ಲೋ ಹೋಗಿರಬೇಕಿತ್ತು. ನಿಮ್ಮದು ಹದಿನೆಂಟು ಬಂತಲ್ಲ, ಸಮಾಧಾನ ಆಯ್ತು.’

‘ಬೇರೆ ಏನು ಸಾರ್?’

‘ಕವಾಸಾಕಿ ಅಂತ. ಮೈಯ ರಕ್ತನಾಳಗಳೆಲ್ಲ ಉರಿ ಏಳೋ ಕಾಯಿಲೆ. ಉರಿ ಹೊರಗಿನಿಂದ ಬಂದದ್ದಲ್ಲ, ಮೈ ಕಾಯೋ ಬಿಳಿ ಕಣಗಳೇ ಹೊತ್ತಿಸೋದು. ಬಿಟ್ಟರೆ ಹೃದಯದ ನಾಳಕ್ಕೇ ಕೈ ಹಾಕುತ್ತೆ. ಹತ್ತು ದಿನದೊಳಗೆ ಹಿಡಿದ್ರೆ ಉಳೀತು.’

ಮೋಟಾರ್ ಬೈಕಿನ ಹೆಸರಿನ ಆ ಕಾಯಿಲೆಗೆ ಬೇರೆ ಸಮಯದಲ್ಲಾದರೆ ಅವಳಿಗೆ ನಗು ಬರುತ್ತಿತ್ತು. ಅವಳು ಬೆರಳು ಮಡಿಸಿದಳು. ಶನಿವಾರಕ್ಕೆ ನಾಲ್ಕು. ಇವತ್ತಿಗೆ ಏಳು. ಆಗಲೇ ಹೇಳಬಹುದಿತ್ತು. ಡಾಕ್ಟರು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಮಡಿಸಿದ ಬೆರಳನ್ನು ಹಿಡಿದುಕೊಂಡೇ ನಿಂತಿದ್ದಳು. ಅವರು ಹೋದ ಮೇಲೆ ರಿಜಿಸ್ಟರು ತೆಗೆದು ಹುಡುಕಿದಳು: ಶಿಲ್ಪಶ್ರೀ, ನಾಲ್ಕು ವರ್ಷ, ಕೇರಾಫ್ ಮಹದೇವಮ್ಮ, ಬಸ್ತಿಹಳ್ಳಿ.

ಹಳೇಬೀಡಿನಲ್ಲಿ ಇಳಿದಾಗ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ದೇವಸ್ಥಾನದ ಕಡೆಗೆ ಹೋಗುತ್ತಿದ್ದರು. ಶ್ಯಾಮಲಾ ಸಾಲನ್ನು ದಾಟಿ ಬಸ್ತಿಹಳ್ಳಿಯ ದಾರಿ ಹಿಡಿದಳು. ವಾಸಿಯಾಗಿರಲಿ, ಅಂಗಳದಲ್ಲಿ ಆಡುತ್ತಿರಲಿ, ದೂರದಿಂದ ನೋಡಿ ತಿರುಗಿಬಿಡುತ್ತೇನೆ ಎಂದುಕೊಂಡಳು. ಹಾಗಾದರೆ ತನ್ನ ಹದಿನೆಂಟು ನಿಜವಾಗಿಬಿಡುತ್ತದೆ ಎಂಬ ಯೋಚನೆಯೂ ಅದರ ಹಿಂದೆಯೇ ಬಂತು. ನಾಚಿಕೆಯಾಯಿತು. ಬಸದಿಯ ಗೋಡೆ ದಾಟಿದ ಮೇಲೆ ಮೂರನೇ ಮನೆ ಎಂದು ಯಾರೋ ತೋರಿಸಿದರು. ಜಗಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಮಗು. ತುಟಿ ಸೀಳಿ ರಕ್ತ ಒಣಗಿ ಅಂಟಿಕೊಂಡಿತ್ತು. ಅಂಗೈ ಊದಿತ್ತು. ಉಗುರಿನ ಸುತ್ತ ಚರ್ಮ ತೆಳುವಾಗಿ ಸುಲಿಯತೊಡಗಿತ್ತು.

‘ಅಯ್ಯೋ, ಲ್ಯಾಬಿನವ್ವ ಅಲ್ವಾ?’ ಮಹದೇವಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ‘ಮನೆತಾವ್ಕೇ ಬಂದ್ರಲ್ಲವ್ವ! ಇಂತಾ ಕಾಲ್ದಲ್ಲಿ ಯಾರು ಹಿಂಗೆ ಬತ್ತಾರೆ? ಕೂತ್ಕಳಿ, ಕಾಪಿ ಕಾಸ್ತೀನಿ.’

‘ಜ್ವರ ಬಿಡಲಿಲ್ವಾ ಅಜ್ಜಿ?’

‘ಎಲ್ ಬಿಡ್ತದೆ. ಬಿಡ್ತದೆ, ಮತ್ತೆ ಬತ್ತದೆ. ಇವರಪ್ಪ ಅವ್ವ ಬಿಕ್ಕೋಡ್ ಕಡೆ ಕಾಪಿ ಕುಯ್ಲಿಗ್ ಹೋಗವ್ರೆ. ಅವ್ರಿಗೂ ಹೇಳ್ ಕಳಿಸಿಲ್ಲ. ಚೀಟೀಲಿ ಏನೂ ಇಲ್ಲ ಅಂತ ಬಂದಿತ್ತಲ್ಲವ್ವ. ನೀವೇ ಹೇಳಿದ್ರಲ್ಲ. ಅದ್ಕೇ ಸುಮ್ಕಿದ್ದೆ.’

ಶ್ಯಾಮಲಾ ಕಾಫಿ ಕುಡಿದಳು. ಬೇಡವೆನ್ನಲು ಆಗಲಿಲ್ಲ. ಬಿಸಿಯಾಗಿತ್ತು, ಬೆಲ್ಲ ಹೆಚ್ಚಾಗಿತ್ತು. ಪ್ರತಿ ಗುಟುಕಿಗೂ ಅಜ್ಜಿ ಅವಳ ಮುಖವನ್ನು ಕೃತಜ್ಞತೆಯಿಂದ ನೋಡುತ್ತಿದ್ದಳು. ‘ಇನ್ನೊಂದು ಸಲ ಪರೀಕ್ಷೆ ಮಾಡ್ಬೇಕು ಅಜ್ಜಿ, ಈಗಲೇ ಹೊರಡಿ’ ಎಂದಳು, ಯಾಕೆಂದು ಹೇಳಲಿಲ್ಲ. ವಾಪಸು ಬಸ್ಸಿನಲ್ಲಿ ಮಗುವಿನ ತಲೆ ಅಜ್ಜಿಯ ತೊಡೆಯ ಮೇಲೂ ಕಾಲು ತನ್ನ ತೊಡೆಯ ಮೇಲೂ ಇದ್ದವು. ಸೀರೆಯ ಮೂಲಕ ಕಾವು ಇಳಿಯುತ್ತಿತ್ತು. ನಾಲ್ಕು ವರ್ಷದ ಸಣ್ಣ ಮೈಯಲ್ಲಿ ಇಷ್ಟು ಬೆಂಕಿಯನ್ನು ಯಾರು ಹೊತ್ತಿಸಿದರು? ಹೊರಗಿನಿಂದ ಬಂದದ್ದಲ್ಲ ಎಂದಿದ್ದರು ಡಾಕ್ಟರು. ಮೈ ಕಾಯಬೇಕಾದವರೇ ಹೊತ್ತಿಸಿದ್ದು.

ಲ್ಯಾಬಿನಲ್ಲಿ ಈ ಸಲ ಒಂದೇ ಚುಚ್ಚಿಗೆ ರಕ್ತ ಬಂತು. ಹೊಸ ರಬ್ಬರು ಹಾಕಿ, ಕೊಳವೆ ತುಂಬಿ, ಗಡಿಯಾರ ನೋಡಿ, ಸ್ಟೂಲು ಎಳೆದುಕೊಂಡು ಅದರ ಎದುರೇ ಕೂತಳು. ಹನುಮಂತಯ್ಯ ‘ತಲೆನೋವು ವಾಸಿಯಾಯ್ತೇನಮ್ಮ’ ಎಂದು ವ್ಯಂಗ್ಯವಾಗಿ ಕೇಳಿ ಹೋದ. ಹನ್ನೊಂದು ವರ್ಷದಲ್ಲಿ ಅವಳು ಎಷ್ಟು ಸಾವಿರ ಕೊಳವೆ ನಿಲ್ಲಿಸಿದ್ದಳೋ; ಒಂದನ್ನೂ ಹೀಗೆ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ನಿಲ್ಲಿಸಿ ಹೋಗುವುದು, ಗಂಟೆಯ ಮೇಲೆ ಬಂದು ಅಂಕಿ ಓದುವುದು, ಅಷ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ತಿಳಿ ಕಾಣಿಸಿತು. ಹತ್ತನೇ ನಿಮಿಷದ ನಂತರ ಕೆಂಪು ಇಳಿಯುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು. ಯಾವ ಗದ್ದಲವೂ ಇಲ್ಲದೆ ಜಾರುತ್ತ, ತಾನು ಬಿಟ್ಟ ಜಾಗದಲ್ಲಿ ಹೊಂಬಣ್ಣದ ನೀರನ್ನು ನಿಲ್ಲಿಸುತ್ತ ಹೋಗುತ್ತಿತ್ತು. ನಲವತ್ತು. ಎಪ್ಪತ್ತು. ಕಿಟಕಿಯ ಬಿಸಿಲು ಆ ತಿಳಿಯ ಮೂಲಕ ಹಾದು ಗೋಡೆಯ ಮೇಲೆ ಒಂದು ಹಳದಿ ಗೆರೆ ಎಳೆದಿತ್ತು. ಇದನ್ನೇ ಅಲ್ಲವೇ ತಾನು ದಿನವೂ ಸಿಂಕಿಗೆ ಚೆಲ್ಲುತ್ತಿದ್ದುದು? ಒಂದು ಗಂಟೆಗೆ ನೂರಾ ಹದಿನೆಂಟು. ತಾನು ಬರೆದದ್ದಕ್ಕೂ ಇದಕ್ಕೂ ನಡುವೆ ಒಂದೇ ಒಂದು ನೂರು. ಆ ನೂರು ಶನಿವಾರದಿಂದ ಬಸ್ತಿಹಳ್ಳಿಯ ಚಾಪೆಯ ಮೇಲೆ ಮಲಗಿತ್ತು.

ಚೀಟಿ ಹಿಡಿದು ತಾನೇ ಉಮೇಶರ ಕ್ಲಿನಿಕ್ಕಿಗೆ ಹೋದಳು. ಅಷ್ಟರಲ್ಲಿ ಅಜ್ಜಿ ಮಗುವನ್ನು ಅಲ್ಲಿಗೆ ಹೊತ್ತು ತಂದು, ಅವರು ನೋಡಿಯಾಗಿತ್ತು. ಚೀಟಿ ನೋಡಿ ತಲೆಯೆತ್ತಿ ‘ಶನಿವಾರದ್ದು?’ ಎಂದರು.

‘ಶನಿವಾರ ಪರೀಕ್ಷೆ ಆಗಲೇ ಇಲ್ಲ ಸಾರ್. ಕೊಳವೆ ಸೋರಿತ್ತು. ಅಂಕಿ ನಾನೇ ಬರೆದೆ.’

ಬೈಯುತ್ತಾರೆಂದು ಕಾದಳು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಕನ್ನಡಕ ತೆಗೆದಾಗ ಇನ್ನೂ ಚಿಕ್ಕವರಾಗಿ ಕಂಡರು. ‘ನಾನೂ ಅಂಕಿ ನೋಡಿದೆ, ಮಗೂನ ನೋಡಲಿಲ್ಲ’ ಎಂದರು. ಆಮೇಲೆ, ‘ಇವತ್ತು ಎಂಟು. ಇನ್ನೂ ಎರಡು ದಿನ ಇದೆ’ ಎಂದು ಫೋನು ಎತ್ತಿದರು. ಬೆಂಗಳೂರಿಗೆ ಮೂರು ಸಲ ಮಾತಾಡಿದರು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಬೇರೊಂದು ಮಗುವಿಗೆಂದು ತರಿಸಿ ಉಳಿದ, ಇದೇ ಕಾಯಿಲೆಯ ಔಷಧಿಯ ಐದು ಸೀಸೆಗಳಿದ್ದವು. ಇವರ ಜೊತೆ ಓದಿದವರೊಬ್ಬರು ಬೆಳಗಿನ ರೈಲಿನಲ್ಲಿ ಕಳಿಸುವುದೆಂದಾಯಿತು. ಮಗುವನ್ನು ಹಾಸನಕ್ಕೆ ಕಳಿಸಬಹುದಿತ್ತು, ಆದರೆ ಅಲ್ಲಿಯೂ ಈ ಔಷಧಿ ಬೆಂಗಳೂರಿನಿಂದಲೇ ಬರಬೇಕಿತ್ತು.

‘ಏನು ಸಾರ್ ಅದು, ಔಷಧಿ?’

‘ಔಷಧಿ ಅಂತ ಯಾರೂ ತಯಾರು ಮಾಡಿದ್ದಲ್ಲ. ನೀವು ಇವತ್ತು ಕೊಳವೇಲಿ ಮೇಲೆ ನಿಂತಿದ್ದು ನೋಡಿದ್ರಲ್ಲ, ತಿಳಿ, ಅದರಿಂದಲೇ ತೆಗೆದಿದ್ದು. ಅದರೊಳಗಿನ ಒಂದು ಪ್ರೋಟೀನು.’ ಅವರು ಪ್ರಿಸ್ಕ್ರಿಪ್ಷನ್ ಹಾಳೆಯ ಹಿಂದೆ ದುಂಡಗೆ ಒಂದು ಕಣ ಬರೆದು, ಅದರ ಮೈಮೇಲೆ ಸಣ್ಣ ಸಣ್ಣ ಕೊಂಡಿಗಳನ್ನು ಬರೆದರು. ‘ಬಿಳಿ ಕಣಗಳು ಒಂದಕ್ಕೊಂದು ಕೂಗಿ ಹೇಳ್ತಾ ಇರ್ತವೆ, ಅಪಾಯ, ಬನ್ನಿ ಅಂತ. ಆ ಕೂಗು ಲಿವರಿಗೂ ಕೇಳಿಸುತ್ತೆ. ಅದು ರಕ್ತಕ್ಕೆ ಪ್ರೋಟೀನು ಸುರಿಯುತ್ತೆ. ಆ ಪ್ರೋಟೀನೇ ಕೆಂಪು ಕಣಗಳನ್ನ ಒಂದಕ್ಕೊಂದು ಅಂಟಿಸಿ, ಭಾರ ಮಾಡಿ, ನಿಮ್ಮ ಕೊಳವೇಲಿ ಅಷ್ಟು ಬೇಗ ಬೀಳಿಸಿದ್ದು. ಕೂಗು ಎಬ್ಬಿಸೋದೂ ತಿಳಿಯಲ್ಲಿದೆ, ಸಾಕು ಸುಮ್ಮನಿರಿ ಅನ್ನೋದೂ ತಿಳಿಯಲ್ಲೇ ಇದೆ. ಈ ಮಗೂಲಿ ಸಾಕು ಅನ್ನೋದು ಸಾಲ್ತಾ ಇಲ್ಲ. ನಾವು ಬೇರೆಯವರದ್ದು ತಂದು ಹಾಕ್ತೀವಿ. ಅದು ಹೋಗಿ ಈ ಕೊಂಡಿಗಳಲ್ಲಿ ಕೂತುಕೊಳ್ಳುತ್ತೆ. ಆಮೇಲೆ ಕೂಗು ಇಳಿಯುತ್ತೆ.’

‘ಅಷ್ಟೇನಾ?’

‘ಅಷ್ಟೇನಾ ಅಂದ್ರೆ, ಪೂರ್ತಿ ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇಳಿಯುತ್ತೆ ಅನ್ನೋದು ಮಾತ್ರ ಗೊತ್ತು.’

ಮರುದಿನ ಬೆಳಿಗ್ಗೆ ಆರೂವರೆಗೆ ಅವಳು ಅರಸೀಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತಿದ್ದಳು. ಯಾರೂ ಕಳಿಸಿರಲಿಲ್ಲ, ತಾನೇ ಹೋಗುತ್ತೇನೆಂದಿದ್ದಳು. ರೈಲಿನ ಬಾಗಿಲಲ್ಲಿ ನಿಂತಿದ್ದವರೊಬ್ಬರು ಉಮೇಶರ ಹೆಸರು ಕೇಳಿ ಥರ್ಮೋಕೋಲಿನ ಪೆಟ್ಟಿಗೆಯನ್ನು ಅವಳ ಕೈಗಿಟ್ಟರು. ಅದನ್ನು ಎದೆಗೆ ಒತ್ತಿಕೊಂಡು ಸ್ಟೇಷನ್ ರಸ್ತೆಯುದ್ದಕ್ಕೂ ನಡೆದಳು. ಆಟೋ ಹತ್ತಿದರೆ ಅಲುಗುತ್ತದೇನೋ ಎಂಬ ಭಯ. ಕ್ಲಿನಿಕ್ಕಿನಲ್ಲಿ ಪೆಟ್ಟಿಗೆ ತೆರೆದಾಗ ಐದು ಸೀಸೆಗಳು, ಒಳಗೆ ನೀರಿನಂತೆ ತಿಳಿಯಾದ, ಸ್ವಲ್ಪವೇ ಹಳದಿ ಛಾಯೆಯ ದ್ರವ. ಅಲುಗಿಸಿದರೆ ನೊರೆಯೇಳುತ್ತದೆ, ಅಲುಗಿಸಬೇಡಿ ಎಂದರು ಉಮೇಶ್. ‘ಇದು ಎಷ್ಟು ಜನರ ರಕ್ತದ್ದು ಸಾರ್?’ ಎಂದು ಕೇಳಿದಳು. ‘ಸಾವಿರದ ಮೇಲೆ ಇರಬೇಕು. ಒಂದೊಂದು ಸೀಸೇಲೂ.’ ಅವಳು ಸೀಸೆಯನ್ನು ಬೆಳಕಿಗೆ ಹಿಡಿದಳು. ಎಲ್ಲಿಯವರೋ, ಯಾವ ಭಾಷೆಯವರೋ. ಅವರು ಚಿಕ್ಕಂದಿನಲ್ಲಿ ಕಂಡ ದಡಾರ, ಕೆಮ್ಮು, ಕಾಲಿನ ಹುಣ್ಣು ಎಲ್ಲದರ ನೆನಪೂ ಈ ಪ್ರೋಟೀನಿನಲ್ಲಿದೆಯಂತೆ. ಒಬ್ಬರ ಮುಖವೂ ಅದರಲ್ಲಿ ಕಾಣಲಿಲ್ಲ. ಕಿಟಕಿ ಮಾತ್ರ ತಲೆಕೆಳಗಾಗಿ ಕಂಡಿತು.

ಏಳೂವರೆಗೆ ಮೊದಲ ಸೀಸೆ ಇಳಿಯತೊಡಗಿತು. ಸಂಜೆಯವರೆಗೆ ಹನಿ ಹನಿಯಾಗಿ ಹೋಗಬೇಕು, ಯಾರಾದರೂ ಜೊತೆಗಿರಬೇಕು ಎಂದರು ಉಮೇಶ್. ಅವಳು ಉಳಿದಳು. ಮಂಚದ ಆ ಕಡೆ ಮಹದೇವಮ್ಮ, ಈ ಕಡೆ ತಾನು. ಅಜ್ಜಿ ಅವಳ ಕೈಯನ್ನು ಮಗುವಿನ ಹೊಟ್ಟೆಯ ಮೇಲಿನಿಂದ ಹಿಡಿದುಕೊಂಡಿದ್ದಳು. ‘ನಮ್ ಪಾಲಿಗೆ ನೀನೇ ದೇವ್ರು ಕಣವ್ವ. ಮನೆ ಹುಡ್ಕಂಡ್ ಬಂದೆ’ ಎಂದಳು. ಬಹುವಚನ ಬಿದ್ದುಹೋಗಿತ್ತು, ಮಗಳಿಗೆ ಹೇಳುವ ಹಾಗೆ ಹೇಳಿದ್ದಳು. ಶ್ಯಾಮಲಾಳಿಗೆ ಆ ಕೈಯನ್ನು ಇನ್ನು ಒಂದು ಕ್ಷಣವೂ ಸಹಿಸಲಾಗಲಿಲ್ಲ.

‘ಅಜ್ಜಿ, ಶನಿವಾರ ನಾನು ಪರೀಕ್ಷೆ ಮಾಡ್ಲಿಲ್ಲ. ರಕ್ತ ಸೋರಿಹೋಗಿತ್ತು. ಏನೂ ಇಲ್ಲ ಅಂತ ಸುಳ್ಳು ಬರೆದುಕೊಟ್ಟೆ.’

ಅಜ್ಜಿಗೆ ತಕ್ಷಣ ಅರ್ಥವಾಗಲಿಲ್ಲ. ‘ಮತ್ತೆ ಚೀಟೀಲಿ...’ ಎಂದಳು. ಆಮೇಲೆ ಅರ್ಥವಾಯಿತು. ಕೈ ತೆಗೆದುಕೊಂಡಳು. ಮಗುವಿನ ಒಡೆದ ತುಟಿಯ ಕಡೆ ನೋಡಿದಳು.

‘ನಾಕು ದಿನ ಕಣೇ. ನಾಕು ದಿನ ಈ ಮಗಾ ಅತ್ತೈತೆ. ಏನೂ ಇಲ್ಲ ಸುಮ್ಕಿರು ಅಂತ ನಾನು ಬೈದಿವ್ನಿ. ನಿನ್ನೆ ಒಂದೇಟೂ ಹಾಕ್ದೆ.’ ಅವಳ ದನಿ ಏರಲೇ ಇಲ್ಲ. ‘ಹೊರಗೋಗು.’

ಶ್ಯಾಮಲಾ ಎದ್ದು ಹೊರಗಿನ ಬೆಂಚಿನ ಮೇಲೆ ಕೂತಳು. ಬೇರೆ ಮಕ್ಕಳನ್ನು ಎತ್ತಿಕೊಂಡು ಬಂದವರು ಅವಳನ್ನೂ ತಮ್ಮಂತೆ ಯಾರೋ ತಾಯಿ ಎಂದುಕೊಂಡು ಸರಿದು ಜಾಗ ಕೊಟ್ಟರು. ಎದ್ದು ಹೋಗಬಹುದು ಎನ್ನಿಸಿತು, ಹೋಗಲಿಲ್ಲ. ತೋಳಿನ ಒಳಗಡೆ ತನ್ನದೇ ನೀಲಿ ನರ ಮಿಡಿಯುತ್ತಿರುವುದನ್ನು ನೋಡುತ್ತ ಕೂತಳು. ಇದರೊಳಗೂ ಅದೇ ತಿಳಿ ಹರಿಯುತ್ತಿದೆ. ತಾನು ಸುಳ್ಳು ಬರೆಯುವಾಗಲೂ ಹರಿಯುತ್ತಿತ್ತು. ಹನುಮಂತಯ್ಯ ಕೂಗಾಡುವಾಗ, ಜನ ನಗುವಾಗ, ತಾನು ನಕ್ಕಾಗಲೂ ಯಾರ ಅಪ್ಪಣೆಯನ್ನೂ ಕೇಳದೆ ಒಳಗೊಳಗೇ ಎಷ್ಟೋ ಕೂಗುಗಳನ್ನು ಸಾಕು ಸುಮ್ಮನಿರಿ ಎಂದು ಇಳಿಸುತ್ತ ಇತ್ತು. ಮೂವತ್ನಾಲ್ಕು ವರ್ಷ ತನ್ನನ್ನು ಹೀಗೆ ಕಾದದ್ದು ಏನೆಂದೂ ತನಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ. ಭಯವಾಯಿತು. ದೊಡ್ಡ ಕೆರೆಯ ಏರಿಯ ಮೇಲೆ ನಿಂತು ಕೆಳಗೆ ನೋಡಿದಾಗ ಆಗುವಂಥ ಭಯ. ಅದರಲ್ಲಿ ಸಂತೋಷವೂ ಇತ್ತು.

ಹತ್ತು ಗಂಟೆಯ ಸುಮಾರಿಗೆ ಒಳಗಿನಿಂದ ಅಜ್ಜಿಯ ಕೂಗು ಬಂತು. ‘ಏ, ಬಾ ಇಲ್ಲಿ! ಮಗಾ ನಡುಗ್ತೈತೆ!’ ಶ್ಯಾಮಲಾ ಓಡಿದಳು. ಮಗುವಿನ ಹಲ್ಲು ಕಟಕಟ ಎನ್ನುತ್ತಿತ್ತು. ಹನಿಯನ್ನು ನಿಲ್ಲಿಸಿ ಡಾಕ್ಟರನ್ನು ಕರೆದಳು. ಅವರು ಬಂದು ಒಂದು ಇಂಜೆಕ್ಷನ್ ಕೊಟ್ಟು, ಕಾದು, ಮತ್ತೆ ನಿಧಾನವಾಗಿ ಹನಿ ಬಿಟ್ಟರು. ‘ಕೆಲವರಿಗೆ ಹೀಗಾಗುತ್ತೆ, ಹೆದರಬೇಡಿ’ ಎಂದರು. ನಡುಕ ನಿಂತಿತು. ಅವರು ಹೋದ ಮೇಲೆ ಅವಳು ಮತ್ತೆ ಬಾಗಿಲ ಕಡೆ ತಿರುಗಿದಾಗ ಅಜ್ಜಿ ಅವಳನ್ನು ನೋಡದೆಯೇ ‘ಕೂತ್ಕ’ ಎಂದಳು.

ಕೂತಳು. ಎರಡನೇ ಸೀಸೆ, ಮೂರನೇ ಸೀಸೆ. ಹನಿ ತುದಿಯಲ್ಲಿ ಉಬ್ಬುತ್ತಿತ್ತು, ತುಂಬುತ್ತಿತ್ತು, ಬಿದ್ದುಹೋಗುತ್ತಿತ್ತು. ಒಂದು ಹನಿಯಲ್ಲಿ ಎಷ್ಟು ಜನ ಇದ್ದರೋ. ಮಧ್ಯಾಹ್ನ ಮಗುವಿಗೆ ನೂರಾ ಮೂರು ಇತ್ತು. ಮೂರು ಗಂಟೆಗೆ ನೂರಾ ಎರಡು. ನಾಲ್ಕನೆಯ ಸೀಸೆ ಅರ್ಧವಾಗುವ ಹೊತ್ತಿಗೆ ಮಗುವಿನ ಮೂಗಿನ ಮೇಲೆ ಬೆವರು ಕಾಣಿಸಿತು. ಆಮೇಲೆ ಹಣೆಯ ಮೇಲೆ, ಆಮೇಲೆ ಕುತ್ತಿಗೆಯ ಮಡಿಕೆಯಲ್ಲಿ. ಅಜ್ಜಿ ಸೆರಗಿನಿಂದ ಒರೆಸಿದಳು, ಮತ್ತೆ ಬಂತು. ಒಂಬತ್ತು ದಿನ ಉರಿದ ಮೈ, ಒಲೆಯಿಂದ ಕೆಂಡವನ್ನು ಹಿಂದಕ್ಕೆ ಎಳೆದ ಮೇಲೆ ಪಾತ್ರೆ ಆರುವ ಹಾಗೆ, ಅವರ ಕಣ್ಣೆದುರೇ ಆರುತ್ತಿತ್ತು. ಐದೂ ಮುಕ್ಕಾಲಿಗೆ ಥರ್ಮಾಮೀಟರು ತೊಂಬತ್ತೊಂಬತ್ತು ತೋರಿಸಿತು. ಶ್ಯಾಮಲಾ ನಂಬದೆ ಝಾಡಿಸಿ ಇನ್ನೊಂದು ಸಲ ಇಟ್ಟಳು. ಎರಡು ನಿಮಿಷದ ಬದಲು ಐದು ನಿಮಿಷ ಇಟ್ಟಳು. ತೊಂಬತ್ತೊಂಬತ್ತೇ.

ಹದಿನೈದು ದಿನದ ಮೇಲೆ ಹಾಸನದಲ್ಲಿ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಿದರು. ನಾಳಗಳು ಊದಿರಲಿಲ್ಲ, ಆರು ವಾರದ ಮೇಲೆ ನೋಡಿದಾಗಲೂ ಇರಲಿಲ್ಲ. ನಿಜ ತಿಳಿದ ಹನುಮಂತಯ್ಯ ಶ್ಯಾಮಲಾಳನ್ನು ಕೆಲಸದಿಂದ ತೆಗೆದ. ತಿಂಗಳ ಮೇಲೆ ಬೇರೆ ಯಾರೂ ಸಿಗದೆ, ಏನೂ ಆಗಿಲ್ಲವೆಂಬಂತೆ ಮತ್ತೆ ಹೇಳಿಕಳಿಸಿದ. ಅವಳು ಹೋದಳು, ಹೊಸ ಕೊಳವೆಗಳನ್ನು ತರಿಸಬೇಕೆಂದು ಹೇಳಿ ಹೋದಳು. ಆದರೆ ಆ ಸಂಜೆ ಅದು ಯಾವುದೂ ಗೊತ್ತಿರಲಿಲ್ಲ. ಕೊನೆಯ ಸೀಸೆ ಇಳಿಯುತ್ತಿತ್ತು. ಮಗು ಕಣ್ಣು ಬಿಟ್ಟು, ಒಡೆದ ತುಟಿಯನ್ನು ನೆಕ್ಕಿಕೊಂಡು, ‘ಅಜ್ಜಿ, ಹಾಲು’ ಎಂದಿತು.

ಮಹದೇವಮ್ಮ ಲೋಟವನ್ನು ಹಿಡಿದು ಕುಡಿಸಿದಳು. ಕುಡಿಸಿಯಾದ ಮೇಲೆ ಸೀಸೆಯ ಕಡೆ ನೋಡಿ ಕೇಳಿದಳು.

‘ಇದು ಯಾರದ್ದು ರಕ್ತ?’

‘ಒಬ್ಬರದ್ದಲ್ಲ ಅಜ್ಜಿ. ಸಾವಿರಾರು ಜನರದ್ದು. ರಕ್ತದ ಮೇಲಿನ ತಿಳಿ.’

‘ಯಾವೂರೋರು?’

‘ಗೊತ್ತಿಲ್ಲ. ಎಲ್ಲೆಲ್ಲಿಯವರೋ. ಬೇರೆ ದೇಶದವರೂ ಇರಬಹುದು.’

‘ಅವ್ರಿಗೆ ಗೊತ್ತೈತಾ, ನಮ್ ಮಗಾಗೆ ಬಂತು ಅಂತ?’

‘ಇಲ್ಲ ಅಜ್ಜಿ. ಯಾವತ್ತೂ ಗೊತ್ತಾಗಲ್ಲ.’

ಅಜ್ಜಿ ಮಡಿಲಲ್ಲಿದ್ದ ಎರಡೂ ಕೈಗಳನ್ನು ಎತ್ತಿದಳು. ಯಾವ ದಿಕ್ಕಿಗೆಂದು ತಿಳಿಯದೆ ಅವು ಹಾಗೇ ನಿಂತವು. ಕಿಟಕಿಯ ಹೊರಗೆ ರೈಲು ಇಳಿದ ಜನ ಚೀಲ, ಮಕ್ಕಳು, ತರಕಾರಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆಗೆ ಹರಿದುಹೋಗುತ್ತಿದ್ದರು.

‘ಹಂಗಾದ್ರೆ ಯಾರಿಗ್ ಕೈ ಮುಗೀಲಿ?’ ಎಂದಳು.

ಶ್ಯಾಮಲಾ ಕಿಟಕಿಯ ಹೊರಗಿನ ಆ ಜನರನ್ನೇ ನೋಡುತ್ತ ಕೂತಳು.